ಅಪ್ಪಯ್ಯ ತಾವಾಗಿಯೇ ‘ಆಶ್ರಮಕ್ಕೆ ಸೇರಿಸು’ ಎನ್ನುತ್ತಿದ್ದಾರೆ: ಏನನ್ನು ನೋಡಿ ಆರಿಸಬೇಕು?

ಸಾಗರದ ಮಗಳು

ನಾನು ಹುಬ್ಬಳ್ಳಿಯಲ್ಲಿ ಪ್ರೌಢಶಾಲೆ ಶಿಕ್ಷಕಿ, ಅಪ್ಪಯ್ಯನಿಗೆ ಒಬ್ಬಳೇ ಮಗಳು. ಅವರಿಗೆ 81. ಅಮ್ಮ ಹೋಗಿ ಎರಡು ವರ್ಷವಾಯಿತು. ಅಂದಿನಿಂದ ಸಾಗರ ಸೀಮೆಯ ನಮ್ಮ ಹಳ್ಳಿಮನೆಯಲ್ಲಿ ಅವರೊಬ್ಬರೇ. ಸುತ್ತ ಎರಡೆಕರೆ ಅಡಿಕೆ ತೋಟ. ಹತ್ತಿರದ ಮನೆಯೂ ಕೂಗಿದರೆ ಕೇಳುವಷ್ಟು ಹತ್ತಿರವಿಲ್ಲ. ಕಳೆದ ತಿಂಗಳು ಬಚ್ಚಲಲ್ಲಿ ಜಾರಿ ಬಿದ್ದರು. ಮೂಳೆ ಮುರಿಯಲಿಲ್ಲ. ಆದರೆ ಏಳಲಾಗದೆ ಬೆಳಗಿನ ಐದರಿಂದ ಎಂಟರವರೆಗೆ ಒದ್ದೆ ನೆಲದ ಮೇಲೆಯೇ ಇದ್ದರು. ತೋಟದ ಕೆಲಸಕ್ಕೆ ಬಂದವನು ಬಾಗಿಲು ದೂಡಿದರೆ ಅವರ ಕಾಲೇ ಬಾಗಿಲಿಗೆ ಅಡ್ಡ. ಹೆಂಚು ತೆಗೆದು ಒಳಗಿಳಿದು ಎತ್ತಬೇಕಾಯಿತು.

ಹುಬ್ಬಳ್ಳಿಗೆ ಕರೆದುಕೊಂಡು ಬಂದೆ. ನಮ್ಮದು ಮೂರನೆಯ ಮಹಡಿ, ಲಿಫ್ಟ್ ಇಲ್ಲ. ಅತ್ತೆಯವರೂ ನಮ್ಮೊಂದಿಗೇ ಇದ್ದಾರೆ. ನಾನೂ ನನ್ನವರೂ ಎಂಟೂವರೆಗೆ ಹೊರಟರೆ ಸಂಜೆಯವರೆಗೆ ಅಪ್ಪಯ್ಯ ಬಾಲ್ಕನಿಯಲ್ಲಿ ಕುಳಿತು ರಸ್ತೆ ನೋಡುತ್ತಾರೆ. ಹದಿನೈದನೆಯ ದಿನ ಅವರೇ ಹೇಳಿದರು: ‘ನನ್ನನ್ನು ಯಾವುದಾದರೂ ಒಳ್ಳೆಯ ಆಶ್ರಮಕ್ಕೆ ಸೇರಿಸು. ಅಳುವುದಿದ್ದರೆ ಈಗಲೇ ಅತ್ತುಬಿಡು, ಆಮೇಲೆ ಅಲ್ಲಿಗೆ ಬಂದು ಅಳಬೇಡ.’

ಇನ್ನೊಂದು ವಿಷಯವಿದೆ. ಚಿಕ್ಕಪ್ಪನ ಮಗ, ‘ತೋಟ ನನ್ನ ಹೆಸರಿಗೆ ಬರೆದುಕೊಡಿ, ದೊಡ್ಡಪ್ಪನನ್ನು ಕೊನೆಯವರೆಗೆ ನಾನು ನೋಡಿಕೊಳ್ಳುತ್ತೇನೆ’ ಎನ್ನುತ್ತಿದ್ದಾನೆ. ಅಪ್ಪಯ್ಯ ಅದಕ್ಕೂ ಅರ್ಧ ಮನಸ್ಸು ಮಾಡಿದ್ದಾರೆ.

ಜಾಹೀರಾತುಗಳಲ್ಲಿ ಹುಲ್ಲುಹಾಸು, ಯೋಗ ಮಾಡುವ ನಗುಮುಖಗಳು. ಅದರಿಂದ ನನಗೆ ಏನೂ ತಿಳಿಯುತ್ತಿಲ್ಲ. ಅಲ್ಲಿ ಇದ್ದವರು, ತಮ್ಮವರನ್ನು ಇರಿಸಿದವರು ದಯವಿಟ್ಟು ಬರೆಯಿರಿ.

ಮೈಸೂರಿನ ನಿವಾಸಿ

ತಂಗಿ, ನಾನು ಅಂಥದೇ ಜಾಗದಿಂದ ಬರೆಯುತ್ತಿದ್ದೇನೆ. ವಿದ್ಯುತ್ ಮಂಡಳಿಯಿಂದ ನಿವೃತ್ತನಾದವನು, ವಯಸ್ಸು 74. ನಾನೂ ನನ್ನ ಹೆಂಡತಿಯೂ ಮೈಸೂರಿನ ಹೊರವಲಯದ ಹಿರಿಯರ ಬಡಾವಣೆಗೆ ಬಂದು ಐದು ವರ್ಷವಾಯಿತು. ಮಕ್ಕಳು ಕಳಿಸಿದ್ದಲ್ಲ, ನಾವೇ ಹುಡುಕಿಕೊಂಡು ಬಂದದ್ದು. ಒಂದು ಮಲಗುವ ಕೋಣೆ, ಒಂದು ಪುಟ್ಟ ಅಡುಗೆಮನೆ. ಮಧ್ಯಾಹ್ನ ಮತ್ತು ರಾತ್ರಿಯ ಊಟ ಎಲ್ಲರೊಂದಿಗೆ. ನನ್ನ ಹೆಂಡತಿ ನಲವತ್ತೈದು ವರ್ಷ ದಿನವೂ ಒಲೆಯ ಮುಂದೆ ನಿಂತವಳು. ಇಲ್ಲಿ ಬೆಳಿಗ್ಗೆ ಸಂಗೀತ ಕಲಿಯುತ್ತಾಳೆ. ಅದನ್ನು ನೋಡಿದ ಮೇಲೆ ಇಷ್ಟು ತಡವಾಗಿ ಬಂದೆವಲ್ಲ ಎಂದೇ ನನಗೆ ಅನ್ನಿಸಿತು.

ಆದರೆ ಒಂದನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ಬಹಳ ಜನ ಎಡವುವುದು ಇಲ್ಲೇ. ನಮ್ಮಂಥ ಜಾಗ ಓಡಾಡಿಕೊಂಡಿರುವವರಿಗೆ. ಸ್ನಾನ ಮಾಡಿಸಬೇಕು, ಬಟ್ಟೆ ಹಾಕಿಸಬೇಕು, ಹಿಡಿದು ನಡೆಸಬೇಕು ಎನ್ನುವ ಸ್ಥಿತಿ ಬಂದವರಿಗೆ ಇರುವುದು ಅಸಿಸ್ಟೆಡ್ ಲಿವಿಂಗ್. ಮರೆವಿನ ಕಾಯಿಲೆಯವರಿಗೆ ಅದಕ್ಕೆಂದೇ ಬೇರೆ ವ್ಯವಸ್ಥೆ ಬೇಕು. ಮೂರೂ ಒಂದೇ ಆವರಣದಲ್ಲಿರುವ ಕಡೆ ಕಡಿಮೆ. ಮಾರಾಟದವರು ಮೂರಕ್ಕೂ ಒಂದೇ ಹೆಸರು ಹಚ್ಚಿ ಮಾತನಾಡುತ್ತಾರೆ. ಆದ್ದರಿಂದ ಮೊದಲ ಭೇಟಿಯಲ್ಲೇ ಒಂದು ಪ್ರಶ್ನೆ ಕೇಳಿ: ‘ಇವರು ಹಾಸಿಗೆ ಹಿಡಿದರೆ ಇಲ್ಲಿಯೇ ಇಟ್ಟುಕೊಳ್ಳುತ್ತೀರಾ, ಮನೆಗೆ ಕಳಿಸುತ್ತೀರಾ?’ ಉತ್ತರ ಬಾಯಿಮಾತಲ್ಲಿ ಬೇಡ, ಕರಾರಿನ ಯಾವ ಪುಟದಲ್ಲಿದೆ ಎಂದು ಬೆರಳಿಟ್ಟು ತೋರಿಸಲಿ.

ಗದಗ ಜಿಲ್ಲೆಯ ರೈತ

ಓದಿ ಸಂಕಟವಾಯಿತು. ತಪ್ಪು ತಿಳಿಯಬೇಡಿ ಅಕ್ಕಾವರೇ. ನಮ್ಮ ಕಡೆ ಹೆತ್ತವರನ್ನು ಹೊರಗೆ ಬಿಟ್ಟರೆ ಊರು ಮುಖ ನೋಡುವುದಿಲ್ಲ. ನಮ್ಮ ತಾಯಿ ಎಂಟು ತಿಂಗಳು ಹಾಸಿಗೆಯಲ್ಲೇ ಇದ್ದರು, ಪಡಸಾಲೆಯಲ್ಲಿ ಹೊರಸು ಹಾಕಿ ನೋಡಿಕೊಂಡೆವು. ಹೋಗುವವರು ಬರುವವರು ಮಾತನಾಡಿಸುತ್ತಿದ್ದರು, ಮೊಮ್ಮಕ್ಕಳು ಅಲ್ಲೇ ಆಡುತ್ತಿದ್ದರು. ಅದನ್ನು ಯಾವ ಆಶ್ರಮವೂ ಕೊಡಲಾರದು. ಊರಲ್ಲೇ ಒಂದು ಬಡ ಕುಟುಂಬವನ್ನು ನಿಮ್ಮ ಮನೆಯ ಒಂದು ಭಾಗದಲ್ಲಿ ಇರಿಸಿ, ತಿಂಗಳಿಗಿಷ್ಟು ಎಂದು ಕೊಟ್ಟು ನೋಡಿಕೊಳ್ಳಲು ಆಗುವುದಿಲ್ಲವೇ?

ಹಿರಿ ಸೊಸೆ

ಅಣ್ಣಾ, ನಿಮ್ಮ ತಾಯಿಯವರನ್ನು ನೋಡಿಕೊಂಡೆವು ಎಂದಿದ್ದೀರಿ. ಮೈ ಒರೆಸಿದ್ದು, ಬಟ್ಟೆ ಬದಲಿಸಿದ್ದು, ರಾತ್ರಿ ಎದ್ದದ್ದು ಯಾರು? ನಾನು ಮಾವನವರನ್ನು ನಾಲ್ಕು ವರ್ಷ ನೋಡಿಕೊಂಡೆ. ಪ್ರೀತಿಯಿಂದಲೇ ನೋಡಿಕೊಂಡೆ. ಆದರೆ ಎತ್ತಿ ಎತ್ತಿ ನನ್ನ ಸೊಂಟ ಹೋಯಿತು. ಈಗ ನನ್ನನ್ನು ಎತ್ತುವವರು ಬೇಕಾಗಿದೆ. ಈ ತಂಗಿಗೆ ಊರಿನ ಮುಖದ ಭಯ ಹುಟ್ಟಿಸಬೇಡಿ.

ಗದಗ ಜಿಲ್ಲೆಯ ರೈತ

ತಾಯೀ, ನೀವು ಕೇಳಿದ್ದಕ್ಕೆ ಉತ್ತರ ನನ್ನ ಹೆಂಡತಿ. ಅದನ್ನು ನಾನು ಬರೆಯಬೇಕಿತ್ತು, ಬರೆಯಲಿಲ್ಲ. ಆದರೂ ಪಡಸಾಲೆಯ ಮಾತು ನಾನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ಮಂಗಳೂರಿನ ನರ್ಸ್

ಹನ್ನೊಂದು ವರ್ಷದಿಂದ ಇದೇ ಕೆಲಸ, ಅದರಲ್ಲಿ ಏಳು ವರ್ಷ ಅಸಿಸ್ಟೆಡ್ ಲಿವಿಂಗ್‌ನಲ್ಲಿ. ಸಾಗರದ ಅಕ್ಕ, ನೀವು ನೋಡಲು ಹೋಗುವಾಗ ಕಟ್ಟಡ ನೋಡಬೇಡಿ, ಅಲ್ಲಿರುವ ಹಿರಿಯರ ಉಗುರು ನೋಡಿ. ಉಗುರು ಕತ್ತರಿಸಿ ಶುಚಿಯಾಗಿದ್ದರೆ ಯಾರೋ ಅವರ ಕೈ ಹಿಡಿದು ಐದು ನಿಮಿಷ ಕುಳಿತಿದ್ದಾರೆ ಎಂದರ್ಥ. ನೀರಿನ ಲೋಟ ಮಂಚದಿಂದ ಕೈಗೆಟಕುವಷ್ಟು ಹತ್ತಿರದಲ್ಲಿದೆಯೇ ನೋಡಿ. ಕರೆಗಂಟೆ ಮಂಚದ ಬಳಿ ಮಾತ್ರವಲ್ಲ, ಬಚ್ಚಲಲ್ಲಿ ನೆಲದ ಮೇಲೆ ಬಿದ್ದವರ ಕೈಗೂ ಎಟಕುವಂತೆ ಹಗ್ಗ ಇಳಿಬಿಟ್ಟಿದೆಯೇ ನೋಡಿ. ಗಂಟೆಯನ್ನು ನೀವೇ ಒತ್ತಿ, ಎಷ್ಟು ಹೊತ್ತಿಗೆ ಬರುತ್ತಾರೆ ಎಂದು ಗಡಿಯಾರ ನೋಡಿ.

ಬಚ್ಚಲ ಬಾಗಿಲು ಹೊರಕ್ಕೆ ತೆರೆಯುವಂತಿರಬೇಕು. ನಿಮ್ಮ ತಂದೆಯವರಿಗೆ ಆದದ್ದೇ ಇದಕ್ಕೆ ಸಾಕ್ಷಿ: ಒಳಕ್ಕೆ ತೆರೆಯುವ ಬಾಗಿಲಿನ ಹಿಂದೆ ಮನುಷ್ಯ ಬಿದ್ದರೆ ಅವರ ಮೈಯೇ ಅಗಳಿಯಾಗುತ್ತದೆ. ಹಿರಿಯರಿಗೆಂದೇ ಕಟ್ಟಿದ್ದೇವೆ ಎನ್ನುವ ಕಡೆಗಳಲ್ಲೂ ಈ ಒಂದು ವಿಷಯವನ್ನು ಮರೆತದ್ದನ್ನು ನಾನು ಕಂಡಿದ್ದೇನೆ.

ನಾವು ಯಾರನ್ನಾದರೂ ಸೇರಿಸಿಕೊಳ್ಳುವಾಗ ಆರು ಕೆಲಸಗಳನ್ನು ಕೇಳುತ್ತೇವೆ. ಸ್ನಾನ, ಬಟ್ಟೆ ಹಾಕಿಕೊಳ್ಳುವುದು, ಶೌಚಕ್ಕೆ ಹೋಗುವುದು, ಮಂಚದಿಂದ ಕುರ್ಚಿಗೆ ಬರುವುದು, ಮಲಮೂತ್ರದ ಹಿಡಿತ, ತಾನೇ ಉಣ್ಣುವುದು. ಇವುಗಳಲ್ಲಿ ಎಷ್ಟಕ್ಕೆ ಇನ್ನೊಬ್ಬರ ಕೈ ಬೇಕು ಎಂಬುದರ ಮೇಲೆ ಆರೈಕೆಯ ಮಟ್ಟ, ತಿಂಗಳ ಹಣ ಎರಡೂ ನಿಂತಿರುತ್ತವೆ. ನಿಮ್ಮ ತಂದೆಯವರಿಗೆ ಇಂದು ಬಹುಶಃ ಸ್ನಾನಕ್ಕೆ ಮಾತ್ರ ನೆರವು ಬೇಕು. ನಾಳೆ ಮೂರಕ್ಕೆ ಬೇಕಾದರೆ ಶುಲ್ಕ ಎಷ್ಟಾಗುತ್ತದೆ ಎಂದು ಇಂದೇ ಬರೆಸಿಕೊಳ್ಳಿ.

ಇನ್ನು ರಾತ್ರಿ. ಹಗಲು ಎಲ್ಲ ಕಡೆ ಜನ ಇರುತ್ತಾರೆ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಎಷ್ಟು ಹಿರಿಯರಿಗೆ ಎಷ್ಟು ಆಯಾಗಳು? ಮಗ್ಗುಲು ಬದಲಿಸಲಾಗದವರನ್ನು ಎರಡು ಗಂಟೆಗೊಮ್ಮೆ ಹೊರಳಿಸದಿದ್ದರೆ ಬೆನ್ನಿನಲ್ಲಿ, ಸೊಂಟದ ಕೆಳಗೆ ಹುಣ್ಣಾಗುತ್ತದೆ. ಹುಣ್ಣು ಬರಲು ಒಂದೆರಡು ರಾತ್ರಿ ಸಾಕು, ಮಾಯಲು ತಿಂಗಳುಗಳು ಬೇಕು. ಹೊರಳಿಸಿದ ಸಮಯ ಬರೆಯುವ ಪುಸ್ತಕ ಇರುತ್ತದೆ, ತೋರಿಸಿ ಎಂದು ಕೇಳಿ. ಪುಸ್ತಕವೇ ಇಲ್ಲದ ಕಡೆ ನನ್ನ ತಂದೆಯನ್ನು ನಾನು ಇರಿಸುವುದಿಲ್ಲ.

ಮುಂಚಿತವಾಗಿ ಹೇಳಿ ಹೋಗಬೇಡಿ. ಸಂಜೆ ಏಳರ ಊಟದ ಹೊತ್ತಿಗೆ ಹೋಗಿ, ತಾವೇ ಉಣ್ಣಲಾಗದವರಿಗೆ ತುತ್ತು ಹೇಗೆ ಕೊಡುತ್ತಾರೆ ನೋಡಿ. ನಿಂತುಕೊಂಡು ಬಾಯಿಗೆ ತುರುಕುತ್ತಾರೋ, ಪಕ್ಕದಲ್ಲಿ ಕುಳಿತು ನುಂಗುವವರೆಗೆ ಕಾಯುತ್ತಾರೋ.

ಠೇವಣಿ ಕೊಟ್ಟವನು

ನಾನು ಬೆಂಗಳೂರಿನ ಹೊರಗೆ ನಿರ್ಮಾಣದ ಹಂತದಲ್ಲಿದ್ದ ಹಿರಿಯರ ಬಡಾವಣೆಯೊಂದರಲ್ಲಿ ಅಪ್ಪ ಅಮ್ಮನಿಗಾಗಿ ಮನೆ ಕೊಂಡೆ. ಮನೆ ಸಿಕ್ಕಿತು. ಎರಡನೆಯ ವರ್ಷ, ಊಟ ಮತ್ತು ವೈದ್ಯಕೀಯ ಸೇವೆ ನೋಡಿಕೊಳ್ಳುತ್ತಿದ್ದ ಕಂಪನಿ ಕಟ್ಟಿಸಿದವರೊಂದಿಗೆ ಜಗಳವಾಡಿ ಹೊರನಡೆಯಿತು. ಅಡುಗೆಮನೆ ಮುಚ್ಚಿತು, ಆಂಬುಲೆನ್ಸ್ ಹೋಯಿತು. 79ರ ಅಮ್ಮ ಮತ್ತೆ ಕುಕ್ಕರ್ ಇಡತೊಡಗಿದರು, ಅದೂ ಪೇಟೆಯಿಂದ ಅಷ್ಟು ದೂರದಲ್ಲಿ. ಸೇವೆಗೆಂದು ಕೊಟ್ಟ ಠೇವಣಿಗೆ ಇಬ್ಬರೂ ಹೊಣೆಯಲ್ಲ ಎನ್ನುತ್ತಾರೆ.

ಕಟ್ಟುವವರು ಬೇರೆ, ನಡೆಸುವವರು ಬೇರೆ ಎಂಬುದು ನನಗೆ ಗೊತ್ತೇ ಇರಲಿಲ್ಲ. ಕೇಂದ್ರದ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯ 2019ರಲ್ಲಿ ನಿವೃತ್ತರ ಮನೆಗಳಿಗೆ ಹೊರಡಿಸಿದ ಮಾದರಿ ಮಾರ್ಗಸೂಚಿಯಲ್ಲಿ ಕಟ್ಟುವವರು, ಸೇವೆ ಕೊಡುವವರು, ಕೊಳ್ಳುವವರು ಮೂವರೂ ಒಂದೇ ಕರಾರಿಗೆ ಸಹಿ ಮಾಡಬೇಕು ಎಂದಿದೆ. ನನ್ನ ಬಳಿ ಇದ್ದದ್ದು ಎರಡು ಬೇರೆ ಬೇರೆ ಕಾಗದ. ಮನೆ, ನಿವೇಶನ ಕಟ್ಟಿ ಮಾರುವವರನ್ನು ನಿಯಂತ್ರಿಸುವ ರೇರಾ ಕಾಯ್ದೆಯ ಪ್ರಕಾರ ಕ್ರಯದ ಕರಾರು ನೋಂದಣಿಯಾಗುವ ಮೊದಲು ಬೆಲೆಯ ಶೇ 10ಕ್ಕಿಂತ ಹೆಚ್ಚು ಹಣ ಪಡೆಯುವಂತಿಲ್ಲ. ನಾನು ಅದನ್ನೂ ತಿಳಿಯದೆ ಮೊದಲೇ ಕಾಲು ಭಾಗ ಕೊಟ್ಟಿದ್ದೆ.

ಸಾಗರದ ಅಕ್ಕ, ನಿಮ್ಮ ತಂದೆಯವರ ವಯಸ್ಸಿಗೆ ದಯವಿಟ್ಟು ಕೊಳ್ಳಬೇಡಿ. ಕೆಲವೆಡೆ ದೊಡ್ಡ ಠೇವಣಿ ಕೊಟ್ಟು ಇರುವ ಪದ್ಧತಿಯೂ ಇದೆ, ಹೆಚ್ಚು ಕಡಿಮೆ ನಮ್ಮ ಬೆಂಗಳೂರಿನ ಭೋಗ್ಯದ ಹಾಗೆ. ಅದರಲ್ಲಿ ವರ್ಷಕ್ಕೆ ಎಷ್ಟು ಮುರಿದುಕೊಳ್ಳುತ್ತಾರೆ, ಇದ್ದವರು ತೀರಿಕೊಂಡರೆ ಉಳಿದದ್ದನ್ನು ಎಷ್ಟು ದಿನದೊಳಗೆ ವಾರಸುದಾರರಿಗೆ ಕೊಡುತ್ತಾರೆ ಎಂಬುದನ್ನು ಓದಿ. ‘ಆ ಕೋಣೆಗೆ ಮುಂದಿನವರು ಬಂದ ನಂತರ’ ಎಂದು ಬರೆದಿದ್ದರೆ ಅದಕ್ಕೆ ಕೊನೆಯೇ ಇಲ್ಲ. ತಿಂಗಳ ಲೆಕ್ಕದಲ್ಲಿ ಇರುವುದೇ ಒಳ್ಳೆಯದು.

ಶಿವಮೊಗ್ಗದ ವಕೀಲೆ

ತೋಟದ ವಿಷಯಕ್ಕೆ ಯಾರೂ ಉತ್ತರಿಸಿಲ್ಲ, ನನಗೆ ಅದೇ ಹೆಚ್ಚು ಆತಂಕ ತಂದದ್ದು.

ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ, 2007ರ 23ನೆಯ ಕಲಂ ಇಂಥ ಸಂದರ್ಭಕ್ಕೇ ಇದೆ. ನೋಡಿಕೊಳ್ಳುತ್ತೇನೆ ಎಂಬ ಷರತ್ತಿನ ಮೇಲೆ ಆಸ್ತಿ ಪಡೆದವರು ನೋಡಿಕೊಳ್ಳದಿದ್ದರೆ ಆ ವರ್ಗಾವಣೆಯನ್ನು ರದ್ದುಗೊಳಿಸಬಹುದು. ಆದರೆ ಷರತ್ತು ಪತ್ರದಲ್ಲಿರಬೇಕು. ‘ಪ್ರೀತಿ ವಿಶ್ವಾಸದಿಂದ ಕೊಟ್ಟಿದ್ದೇನೆ’ ಎಂದಷ್ಟೇ ಬರೆದ ದಾನಪತ್ರದಿಂದ ಹಿರಿಯರು ಕೈ ಸುಟ್ಟುಕೊಂಡಿದ್ದಾರೆ. 2022ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಷರತ್ತಿಲ್ಲದಿದ್ದರೆ ಈ ಕಲಂ ಅನ್ವಯಿಸದು ಎಂದಿತು. 2025ರ ಜನವರಿಯಲ್ಲಿ ಇನ್ನೊಂದು ಪ್ರಕರಣದಲ್ಲಿ ಕಾಯ್ದೆಯನ್ನು ಹಿರಿಯರ ಪರವಾಗಿ ಉದಾರವಾಗಿ ಓದಬೇಕು ಎಂದು ತಾಯಿಯೊಬ್ಬರಿಗೆ ಆಸ್ತಿ ಮರಳಿ ಕೊಡಿಸಿತು. ಎರಡನೆಯದನ್ನು ನಂಬಿ ಷರತ್ತು ಬರೆಯದೆ ಬಿಡುವುದು ಬೇಡ.

ನನ್ನನ್ನು ಕೇಳಿದರೆ ದಾನಪತ್ರವೇ ಬೇಡ. ಉಯಿಲು ಬರೆಯಲಿ. ಉಯಿಲನ್ನು ಬದುಕಿರುವವರೆಗೆ ಎಷ್ಟು ಸಲ ಬೇಕಾದರೂ ಬದಲಿಸಬಹುದು. ಇಬ್ಬರು ಸಾಕ್ಷಿಗಳು ಸಾಕು, ನೋಂದಣಿ ಮಾಡಿಸಿದರೆ ಇನ್ನೂ ಗಟ್ಟಿ. ನಿಮ್ಮ ತಮ್ಮ ನಿಜವಾಗಿ ನೋಡಿಕೊಳ್ಳುವವನಾದರೆ ತೋಟ ಆಮೇಲೆ ಬಂದರೂ ನೋಡಿಕೊಳ್ಳುತ್ತಾನೆ.

ಈ ಕಾಯ್ದೆಯಡಿ ದೂರು ಕೇಳುವ ನ್ಯಾಯಮಂಡಳಿ ಉಪವಿಭಾಗಾಧಿಕಾರಿಯವರದು, ನಿಮಗೆ ಸಾಗರದಲ್ಲೇ ಇದೆ. ನಿಮಗೆ ಅದು ಬೇಕಾಗದಿರಲಿ.

ರಾಜಾಜಿನಗರದ ಮಗಳು

ನಾಲ್ಕು ದಿನದಿಂದ ಈ ಮಾತುಗಳನ್ನು ಓದುತ್ತಿದ್ದೇನೆ, ಬರೆಯಲು ಧೈರ್ಯವಾಗಿರಲಿಲ್ಲ.

ಅಮ್ಮನನ್ನು ನಾನು ಸೇರಿಸಿದ್ದು ತುಂಬ ಒಳ್ಳೆಯ ಹೆಸರಿದ್ದ ಜಾಗಕ್ಕೆ. ಆಗ ಅವರಿಗೆ ಸ್ವಲ್ಪ ಮರೆವಷ್ಟೇ. ಒಂದೂವರೆ ವರ್ಷದ ನಂತರ ಅವರು ರಾತ್ರಿ ಎದ್ದು ಬೇರೆಯವರ ಕೋಣೆಗೆ ಹೋಗತೊಡಗಿದರು, ಅವರ ಸೀರೆಗಳನ್ನು ತಮ್ಮದೆಂದು ಮಡಿಸಿಡುತ್ತಿದ್ದರು. ಒಂದು ಸೋಮವಾರ ಕರೆ ಬಂತು: ಈ ತಿಂಗಳ ಕೊನೆಗೆ ಕರೆದುಕೊಂಡು ಹೋಗಿ. ಮೈಸೂರಿನ ಹಿರಿಯರು ಮೇಲೆ ಬರೆದ ಪ್ರಶ್ನೆಯನ್ನು ನಾನು ಕೇಳಿರಲಿಲ್ಲ. ಹಾಸಿಗೆ ಹಿಡಿಯುವುದರ ಜೊತೆಗೆ ಇನ್ನೊಂದು ಸೇರಿಸಿ: ‘ಮರೆವು ಬಂದರೆ?’

ಮನೆಗೆ ಕರೆತಂದೆ. ಅವರು ನಲವತ್ತು ವರ್ಷ ಬಾಳಿದ ಮನೆಯಲ್ಲೇ ಕುಳಿತು ಸಂಜೆಯಾದರೆ ‘ಮನೆಗೆ ಹೋಗೋಣ ಬಾ’ ಎನ್ನುತ್ತಿದ್ದರು. ಇದೇ ಮನೆ ಅಮ್ಮಾ ಎಂದು ನಾನು ಮೊದಲು ವಾದಿಸುತ್ತಿದ್ದೆ. ಆಮೇಲೆ ಚಪ್ಪಲಿ ಹಾಕಿಸಿ ಬೀದಿಯ ಕೊನೆಯವರೆಗೆ ನಡೆಸಿ, ಹಿಂದೆ ಕರೆತಂದು ‘ಬಂತು ನೋಡಿ’ ಎನ್ನುವುದನ್ನು ಕಲಿತೆ.

ಕಾಗದದ ಒಂದು ಮಾತು, ಎಲ್ಲರಿಗೂ ಉಪಯೋಗವಾಗಲಿ. ಅಮ್ಮ ನನ್ನ ಹೆಸರಿಗೆ ಜಿಪಿಎ, ಅಂದರೆ ಅವರ ಪರವಾಗಿ ವ್ಯವಹರಿಸುವ ಅಧಿಕಾರಪತ್ರ, ಮಾಡಿಕೊಟ್ಟಿದ್ದರು, ಅದೇ ಸಾಕು ಎಂದುಕೊಂಡಿದ್ದೆ. ಕೊಟ್ಟವರ ಬುದ್ಧಿಸ್ಥಿಮಿತ ಹೋದರೆ ಆ ಅಧಿಕಾರವೂ ಮುಗಿಯುತ್ತದೆ, 1872ರ ಕರಾರು ಕಾಯ್ದೆ ಹಾಗೆಯೇ ಹೇಳುತ್ತದೆ. ಅಂದರೆ ಯಾವಾಗ ಅದು ಬೇಕೋ ಆಗಲೇ ಅದಕ್ಕೆ ಬೆಲೆ ಇಲ್ಲ. ಬ್ಯಾಂಕ್ ಖಾತೆಯನ್ನು ಇಬ್ಬರಲ್ಲಿ ಯಾರಾದರೂ ನಡೆಸಬಹುದಾದ ಜಂಟಿ ಖಾತೆಯಾಗಿ ಅವರು ಚೆನ್ನಾಗಿರುವಾಗಲೇ ಬದಲಿಸಿಕೊಳ್ಳಿ. ಅಮ್ಮ ಈಗ ಮರೆವಿನವರನ್ನೇ ನೋಡಿಕೊಳ್ಳುವ ಚಿಕ್ಕ ಮನೆಯೊಂದರಲ್ಲಿದ್ದಾರೆ. ನನ್ನ ಹೆಸರು ಅವರಿಗೆ ನೆನಪಿಲ್ಲ, ಆದರೆ ನಾನು ಹೋದರೆ ಪಕ್ಕಕ್ಕೆ ಸರಿದು ಜಾಗ ಕೊಡುತ್ತಾರೆ.

ಮೈಸೂರಿನ ನಿವಾಸಿ

ಮಗಳೇ, ನಿನ್ನ ಪತ್ರವನ್ನು ನನ್ನ ಹೆಂಡತಿಗೆ ಓದಿ ಹೇಳಿದೆ. ಇಬ್ಬರೂ ಬಹಳ ಹೊತ್ತು ಮಾತನಾಡಲಿಲ್ಲ. ನಾವಿಬ್ಬರೂ ವೈದ್ಯಕೀಯ ಮುನ್ನಿರ್ದೇಶನ ಬರೆದಿಟ್ಟಿದ್ದೇವೆ: ಗುಣವಾಗುವ ಆಸೆಯೇ ಇಲ್ಲದಾಗ ಯಂತ್ರಕ್ಕೆ ಹಾಕಿ ಎಳೆಯಬೇಡಿ ಎಂದು. 2023ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಸರಳಗೊಳಿಸಿದ ಮೇಲೆ ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. ಸಾಗರದ ತಂಗಿ, ಅಪ್ಪಯ್ಯನೊಂದಿಗೆ ಇದನ್ನೂ ಮಾತನಾಡು. ನೀನು ಎತ್ತಲು ಹಿಂಜರಿಯುತ್ತಿರುವ ಮಾತನ್ನು ಅವರು ಕಾಯುತ್ತಿರಲೂಬಹುದು.

ನಿವೃತ್ತ ಬ್ಯಾಂಕ್ ನೌಕರ

ಹಣದ ಬಗ್ಗೆ ಚಿಕ್ಕದಾಗಿ. ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯ ಮಿತಿಯನ್ನು 2023ರಲ್ಲಿ 15 ಲಕ್ಷದಿಂದ 30 ಲಕ್ಷಕ್ಕೆ ಏರಿಸಿದರು. ನಾನು ಆ ವರ್ಷ ಶೇ 8.2ರ ದರದಲ್ಲಿ 30 ಲಕ್ಷ ಇಟ್ಟೆ. ಮೂರು ತಿಂಗಳಿಗೊಮ್ಮೆ 61,500 ರೂಪಾಯಿ ಬರುತ್ತದೆ, ಅಂದರೆ ತಿಂಗಳಿಗೆ 20,500. ಅಣ್ಣನ ಆಶ್ರಮದ ಶುಲ್ಕ ಅದರಲ್ಲೇ ಸಾಗುತ್ತಿದೆ. ಅವರಿರುವುದು ಧರ್ಮಾರ್ಥ ಸಂಸ್ಥೆಯಾಗಿ ನೋಂದಾಯಿಸಿದವರು ನಡೆಸುವ ಮನೆ. ಅಂಥ ಕಡೆ ಊಟ, ವಸತಿ, ನಿರ್ವಹಣೆ ಎಲ್ಲ ಸೇರಿ ತಿಂಗಳಿಗೆ 25,000 ರೂಪಾಯಿವರೆಗೆ 60 ದಾಟಿದವರಿಗೆ ಜಿಎಸ್‌ಟಿ ಇಲ್ಲ. ಬಿಲ್ಲಿನಲ್ಲಿ ತೆರಿಗೆ ಸೇರಿಸಿದ್ದರೆ ಏಕೆ ಎಂದು ಕೇಳಿ. ಡೈಪರ್, ಔಷಧಿ, ಫಿಸಿಯೊಥೆರಪಿ ಬಹುತೇಕ ಎಲ್ಲ ಕಡೆ ಬೇರೆ ಲೆಕ್ಕ. ಹೇಳಿದ ಶುಲ್ಕದ ಮೇಲೆ ಅದಕ್ಕೊಂದು ಮೊತ್ತ ಇಟ್ಟುಕೊಂಡೇ ಲೆಕ್ಕ ಹಾಕಿ.

ಪೀಣ್ಯದ ಕಾರ್ಮಿಕ

ಇಲ್ಲಿ ಲಕ್ಷಗಳ ಮಾತು ನಡೆದಿದೆ. ನನ್ನ ಸೋದರತ್ತೆ ಗಾರ್ಮೆಂಟ್ಸ್‌ನಲ್ಲಿ ದುಡಿದವರು, ಮಕ್ಕಳಿಲ್ಲ, ಸಂಧ್ಯಾ ಸುರಕ್ಷಾ ಪಿಂಚಣಿ ಬಿಟ್ಟರೆ ಬೇರೆ ಏನೂ ಇಲ್ಲ. ನಾನು ಒಂದು ಕೋಣೆಯ ಬಾಡಿಗೆ ಮನೆಯಲ್ಲಿ ನಾಲ್ವರೊಂದಿಗೆ ಇದ್ದೇನೆ. ಅವರಿಗೆ ಎಲ್ಲಿ ಜಾಗ?

ಶಿವಮೊಗ್ಗದ ವಕೀಲೆ

ನೀವು ಕೇಳಿದ್ದು ಒಳ್ಳೆಯದಾಯಿತು. ಅದೇ 2007ರ ಕಾಯ್ದೆಯ 19ನೆಯ ಕಲಂ, ಪ್ರತಿ ಜಿಲ್ಲೆಗೆ ಕನಿಷ್ಠ ಒಂದು, 150 ನಿರ್ಗತಿಕ ಹಿರಿಯರಿಗೆ ಸಾಲುವಂಥ ವೃದ್ಧಾಶ್ರಮ ಸ್ಥಾಪಿಸುವ ಮಾತನ್ನು ಹೇಳುತ್ತದೆ. ಆದರೆ ‘ಸ್ಥಾಪಿಸಬಹುದು’ ಎಂದಿದೆ, ‘ಸ್ಥಾಪಿಸತಕ್ಕದ್ದು’ ಎಂದಿಲ್ಲ. ಆ ಒಂದು ಪದಕ್ಕೆ ಬಡ ಮುದುಕರು ತೆರುತ್ತಿರುವ ಬೆಲೆ ನೋಡಿದರೆ ನನಗೆ ಸಿಟ್ಟು ಬರುತ್ತದೆ. ಸದ್ಯಕ್ಕೆ ಮಾಡಬೇಕಾದದ್ದು: ಹಿರಿಯರ ರಾಷ್ಟ್ರೀಯ ಸಹಾಯವಾಣಿ 14567ಕ್ಕೆ ಕರೆ ಮಾಡಿ. ಬೆಂಗಳೂರಿನಲ್ಲಿ ನಗರ ಪೊಲೀಸರೊಂದಿಗೆ ನಡೆಯುವ ಹಿರಿಯರ ಸಹಾಯವಾಣಿ 1090 ಇದೆ. ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಜಿಲ್ಲಾ ಕಚೇರಿಗೆ ಅತ್ತೆಯವರ ಆಧಾರ್, ಪಿಂಚಣಿ ಆದೇಶ ಹಿಡಿದು ನೀವೇ ಹೋಗಿ. ಅನುದಾನ ಪಡೆಯುವ ಉಚಿತ ವೃದ್ಧಾಶ್ರಮಗಳ ಪಟ್ಟಿ ಕೇಳಿ. ಅರ್ಜಿಗೆ ಸ್ವೀಕೃತಿ ಪಡೆಯದೆ ಹೊರಗೆ ಬರಬೇಡಿ.

ಪೀಣ್ಯದ ಕಾರ್ಮಿಕ

ನಾಳೆ ರಜೆ ಹಾಕಿ ಹೋಗುತ್ತೇನೆ ಮೇಡಂ.

ಸಾಗರದ ಮಗಳು

ಏಳು ವಾರವಾಯಿತು. ನಡೆದದ್ದನ್ನು ಹೇಳುವುದು ನನ್ನ ಕರ್ತವ್ಯ.

ನಾಲ್ಕು ಕಡೆ ನೋಡಿದೆವು. ನಾಲ್ಕಕ್ಕೂ ಅಪ್ಪಯ್ಯನನ್ನು ಕರೆದುಕೊಂಡೇ ಹೋದೆ. ಒಂದು ಕಡೆ ಗಂಟೆ ಒತ್ತಿದರೆ ಒಂಬತ್ತು ನಿಮಿಷ ಯಾರೂ ಬರಲಿಲ್ಲ. ಇನ್ನೊಂದು ಕಡೆ ಉಗುರು ನೋಡಿಯೇ ಹೊರಬಂದೆ. ಮೂರನೆಯ ಕಡೆ ಎಲ್ಲ ಚೆನ್ನಾಗಿತ್ತು, ಆದರೆ ‘ಹಾಸಿಗೆ ಹಿಡಿದರೆ’ ಎಂದು ಅಪ್ಪಯ್ಯನೇ ಕೇಳಿದಾಗ ವ್ಯವಸ್ಥಾಪಕರು ನನ್ನ ಮುಖ ನೋಡಿದರು. ನಾಲ್ಕನೆಯದು ಧಾರವಾಡದ ಬಳಿ, ಹದಿನೆಂಟೇ ಜನರ ಮನೆ. ಅಲ್ಲಿಯವರು ಕರಾರಿನ ಪುಟ ತೆರೆದು ತೋರಿಸಿದರು: ಕೊನೆಯವರೆಗೆ ಇಲ್ಲೇ, ಆರೈಕೆ ಹೆಚ್ಚಿದರೆ ಶುಲ್ಕ ಇಷ್ಟು, ಮರೆವು ತೀವ್ರವಾದರೆ ಮಾತ್ರ ಮೂರು ತಿಂಗಳ ಸೂಚನೆ ಕೊಟ್ಟು ಬೇರೆಡೆಗೆ. ಆ ಕೊನೆಯ ಸಾಲು ನನಗೆ ಇಷ್ಟವಾಗಲಿಲ್ಲ. ಆದರೂ ಮುಚ್ಚಿಡದೆ ಬರೆದಿದ್ದಾರೆ.

ಒಂದು ತಿಂಗಳು ಇದ್ದು ನೋಡುವುದೆಂದು ಸೇರಿಸಿದೆವು. ಮೊದಲ ವಾರ ಕಷ್ಟವಾಯಿತು. ಊಟಕ್ಕೆ ಜೋಳದ ರೊಟ್ಟಿ. ಅಪ್ಪಯ್ಯನ ಹಲ್ಲಿಗೆ ಆಗದು, ನಾಲಗೆಗೂ ಒಗ್ಗದು. ನಾನು ಭಾನುವಾರ ಹೋದಾಗ ಅಡುಗೆಯವರ ಪಕ್ಕ ನಿಂತು ಒಂದೆಲಗದ ತಂಬುಳಿ ಮಾಡಿ ತೋರಿಸಿದೆ. ಈಗ ವಾರಕ್ಕೆ ಎರಡು ದಿನ ಅಲ್ಲಿ ಎಲ್ಲರಿಗೂ ತಂಬುಳಿ. ಅಪ್ಪಯ್ಯನ ಪಕ್ಕದ ಕೋಣೆಯವರು ನವಲಗುಂದದ ನಿವೃತ್ತ ಮೇಷ್ಟ್ರು, ಇಬ್ಬರೂ ಬೆಳಿಗ್ಗೆ ಪತ್ರಿಕೆಯನ್ನು ಗಟ್ಟಿಯಾಗಿ ಓದಿ ಜಗಳವಾಡುತ್ತಾರಂತೆ. ಅಡಕತ್ತರಿ, ರೇಡಿಯೊ, ಅಮ್ಮನ ಒಂದು ಹಳೆಯ ಕಂಬಳಿ, ಇಷ್ಟೇ ಅವರು ತರಿಸಿಕೊಂಡದ್ದು. ಹುಬ್ಬಳ್ಳಿಯಿಂದ ನನಗೆ ಒಂದು ಗಂಟೆಯ ದಾರಿ. ಮೊದಲ ಸಲ ಬಿಟ್ಟು ಬಂದ ದಿನ ಬಸ್ಸಿನಲ್ಲಿ ಕುಳಿತು ಅತ್ತೆ. ಅವರು ಹೇಳಿದ ಮಾತು ನಡೆಸಲು ನನ್ನಿಂದ ಆಗಲಿಲ್ಲ.

ತೋಟಕ್ಕೆ ಉಯಿಲು ಆಯಿತು, ನೋಂದಣಿಯೂ ಆಯಿತು. ತಮ್ಮ ಎರಡು ವಾರ ಫೋನ್ ಮಾಡಲಿಲ್ಲ. ಮೂರನೆಯ ವಾರ ಧಾರವಾಡಕ್ಕೆ ಹೋಗಿ ದೊಡ್ಡಪ್ಪನನ್ನು ನೋಡಿಕೊಂಡು ಬಂದಿದ್ದಾನೆ. ತೋಟವನ್ನು ಈ ವರ್ಷ ಅವನೇ ನೋಡಿಕೊಳ್ಳುತ್ತಾನೆ, ಫಸಲಿನಲ್ಲಿ ಪಾಲು ತೆಗೆದುಕೊಂಡು.

ಗದಗದ ಅಣ್ಣನವರಿಗೆ: ನಿಮ್ಮ ಪಡಸಾಲೆಯ ಮಾತನ್ನು ಅಪ್ಪಯ್ಯನಿಗೆ ಓದಿ ಹೇಳಿದೆ. ‘ಅವರು ಹೇಳುವುದು ಸರಿ, ಆದರೆ ನಮ್ಮ ಪಡಸಾಲೆಗೆ ಬರುವವರು ಯಾರೂ ಉಳಿದಿಲ್ಲ’ ಎಂದರು.

ಗದಗ ಜಿಲ್ಲೆಯ ರೈತ

ಅವರಿಗೆ ನನ್ನ ನಮಸ್ಕಾರ ತಿಳಿಸಿ ಅಕ್ಕಾವರೇ. ಧಾರವಾಡಕ್ಕೆ ನಾನು ಬೀಜ ಗೊಬ್ಬರಕ್ಕೆ ಬರುತ್ತಿರುತ್ತೇನೆ. ಅವರು ಒಪ್ಪಿದರೆ ಒಮ್ಮೆ ಹೋಗಿ ಮಾತನಾಡಿಸಿಕೊಂಡು ಬರುತ್ತೇನೆ.

ಮಂಗಳೂರಿನ ನರ್ಸ್

ಅಕ್ಕ, ರಾತ್ರಿ ಶೌಚಕ್ಕೆ ಏಳುವಾಗ ತಕ್ಷಣ ನಿಲ್ಲದೆ ಮಂಚದ ಅಂಚಿನಲ್ಲಿ ಒಂದು ನಿಮಿಷ ಕುಳಿತು ಏಳುವಂತೆ ಅವರಿಗೆ ಹೇಳಿ. ಅಲ್ಲಿಯ ಬಚ್ಚಲ ಬಾಗಿಲು ಯಾವ ಕಡೆಗೆ ತೆರೆಯುತ್ತದೆ?

ಸಾಗರದ ಮಗಳು

ಹೊರಕ್ಕೆ, ಮೊದಲು ನೋಡಿದ್ದೇ ಅದನ್ನು. ಮರ ಹತ್ತಿ ಅಡಿಕೆ ಗೊನೆ ಇಳಿಸುವ ಕೊನೆಗೌಡ ಬರುವ ಹೊತ್ತಿಗೆ ಊರಲ್ಲಿರಬೇಕು, ಕೊಯ್ಲು ಮುಗಿಯುವವರೆಗೆ ಇಪ್ಪತ್ತು ದಿನ ಕರೆದುಕೊಂಡು ಹೋಗು ಎಂದಿದ್ದಾರೆ ಅಪ್ಪಯ್ಯ. ನಾನು ರಜೆಗೆ ಅರ್ಜಿ ಕೊಟ್ಟಿದ್ದೇನೆ. ಇವತ್ತು ಹಳ್ಳಿಮನೆಗೆ ಬಡಗಿ ಬಂದಿದ್ದಾನೆ. ಬಚ್ಚಲ ಬಾಗಿಲನ್ನು ಕಿತ್ತು, ಕೀಲು ತಿರುಗಿಸಿ, ಹೊರಕ್ಕೆ ತೆರೆಯುವಂತೆ ಕೂರಿಸುತ್ತಿದ್ದಾನೆ.